ಬೇಲಿ ಕಟ್ಟಿದ ಮೇಲೆ ಕಾಣೆಯಾದ ನೀಲಿ ಚಿಟ್ಟೆ

ಇಂಗ್ಲೆಂಡಿನ ಚಿಟ್ಟೆಪ್ರಿಯರಿಗೆ ನೂರು ವರ್ಷದ ಹಿಂದೆ ಗೊತ್ತಿದ್ದ ಶತ್ರು ಒಬ್ಬನೇ: ಬಲೆ ಹಿಡಿದ ಇನ್ನೊಬ್ಬ ಚಿಟ್ಟೆಪ್ರಿಯ. ಪಾದ್ರಿಗಳು, ವೈದ್ಯರು, ನಿವೃತ್ತ ಸೇನಾಧಿಕಾರಿಗಳು ಬೇಸಿಗೆ ಬಂತೆಂದರೆ ಬಲೆ, ಗುಂಡುಸೂಜಿ ಸಮೇತ ಗುಡ್ಡ ಹತ್ತುತ್ತಿದ್ದ ಕಾಲ ಅದು. ಅವರ ಗಾಜಿನ ಪೆಟ್ಟಿಗೆಗಳಿಗೆ ಕಳೆ ತರುತ್ತಿದ್ದ ಚಿಟ್ಟೆಗಳಲ್ಲಿ ‘ಲಾರ್ಜ್ ಬ್ಲೂ’ ಒಂದು. ನಾವು ದೊಡ್ಡ ನೀಲಿ ಎನ್ನೋಣ. ದೊಡ್ಡದೆಂದರೆ ತನ್ನ ಬಳಗದಲ್ಲಿ ದೊಡ್ಡದು ಅಷ್ಟೇ. ರೆಕ್ಕೆ ಪೂರ್ತಿ ಬಿಚ್ಚಿದರೂ ಅಗಲ ಐದು ಸೆಂಟಿಮೀಟರಿನ ಆಸುಪಾಸು. ಮೇಲೆಲ್ಲ ಗಾಢ ನೀಲಿ, ಮುಂದಿನ ರೆಕ್ಕೆಗಳಲ್ಲಿ ಕಪ್ಪು ಬೊಟ್ಟುಗಳ ಸಾಲು. 1758ರಲ್ಲಿ ಲಿನೇಯಸ್ ಇದನ್ನು ವರ್ಣಿಸಿದ. ಈಗಿನ ಶಾಸ್ತ್ರೀಯ ಹೆಸರು ಫೆಂಗಾರಿಸ್ ಏರಿಯಾನ್. ತುಸು ಹಳೆಯ ಪುಸ್ತಕಗಳಲ್ಲಿ ಮ್ಯಾಕ್ಯುಲಿನಿಯಾ ಏರಿಯಾನ್ ಎಂದಿರುತ್ತದೆ. ಯುರೋಪಿನಿಂದ ಪೂರ್ವಕ್ಕೆ ಏಷ್ಯಾದೊಳಗೂ ಹಬ್ಬಿರುವ ಚಿಟ್ಟೆ ಇದು. ಬ್ರಿಟನ್ನಿನಲ್ಲಿ ಮಾತ್ರ, 1795ರಲ್ಲಿ ವಿಲಿಯಂ ಲೂಯಿನ್ ತನ್ನ ಪುಸ್ತಕದಲ್ಲಿ ದಾಖಲಿಸಿದಂದಿನಿಂದಲೂ, ಅಪರೂಪವೇ.

ಅಪರೂಪದ್ದು ಇನ್ನಷ್ಟು ಅಪರೂಪವಾಗುತ್ತ ಹೋದಾಗ ಬೆರಳು ತೋರಿಸಲು ಸಂಗ್ರಾಹಕ ಸುಲಭವಾಗಿ ಸಿಕ್ಕ. ನಾರ್ಥಾಂಪ್ಟನ್‌ಶೈರಿನ ಬಾರ್ನ್‌ವೆಲ್ ವೋಲ್ಡ್ ಎಂಬ ಹೆಸರಾಂತ ತಾಣ ಹತ್ತೊಂಬತ್ತನೇ ಶತಮಾನದಲ್ಲೇ ಬರಿದಾಗಿತ್ತು. ಆಮೇಲೆ ಕಾಟ್ಸ್‌ವೋಲ್ಡ್ಸ್ ಗುಡ್ಡಗಳು, ಸಾಮರ್ಸೆಟ್, ಕಾರ್ನ್‌ವಾಲ್ ಕರಾವಳಿಯ ಇಳಿಜಾರುಗಳು ಒಂದೊಂದಾಗಿ ಖಾಲಿಯಾದವು. ಉಳಿದುದನ್ನಾದರೂ ಕಾಯೋಣವೆಂದು ಕೆಲವೆಡೆ ಬೇಲಿ ಹಾಕಿದರು. ಬೇಲಿಯೇ ಎದ್ದು ಹೊಲ ಮೇಯ್ದಿತು ಅನ್ನುವುದು ನಮ್ಮ ಗಾದೆ. ಇಲ್ಲಿ ಬೇಲಿ ತಾನೂ ಮೇಯಲಿಲ್ಲ, ಮೇಯುವ ದನಕುರಿಗಳನ್ನೂ ಒಳಗೆ ಬಿಡಲಿಲ್ಲ. ಅದರಿಂದಲೇ ಚಿಟ್ಟೆ ಹೋಯಿತು. ಬಲೆ ಹಿಡಿದವರು ಬಂದುಹೋಗುತ್ತಿದ್ದ ಬಯಲು ಜಾಗಗಳಲ್ಲಿ ಉಳಿದುಕೊಂಡದ್ದು, ಬೇಲಿಯೊಳಗಿನ ಮೀಸಲು ಜಾಗದಲ್ಲಿ ಇಲ್ಲವಾಯಿತು. ಇದು ಯಾಕೆ ಹೀಗೆ ಎಂದು ತಿಳಿಯುವ ಹೊತ್ತಿಗೆ ದೇಶದಲ್ಲಿ ಆ ಚಿಟ್ಟೆಯೇ ಇರಲಿಲ್ಲ.

ಚಿಟ್ಟೆಯ ಬದುಕಿನ ಮೊದಲ ಅಧ್ಯಾಯ ಆಗಿನವರಿಗೆ ಚೆನ್ನಾಗಿ ಗೊತ್ತಿತ್ತು. ಜೂನ್ ಮಧ್ಯದಿಂದ ಜುಲೈವರೆಗೆ ಹಾರಾಟ. ಹಾರುವ ಚಿಟ್ಟೆಗೆ ಸಿಗುವುದು ಕೆಲವೇ ದಿನದ ಆಯುಷ್ಯ. ಅಷ್ಟರಲ್ಲಿ ಹೆಣ್ಣು ಕಾಡು ಥೈಮ್ ಗಿಡದ ಮೊಗ್ಗುಗಳಲ್ಲಿ ಒಂದೊಂದೇ ಮೊಟ್ಟೆ ಸಿಕ್ಕಿಸುತ್ತದೆ. ಥೈಮ್ ನಮ್ಮ ತುಳಸಿ, ದೊಡ್ಡಪತ್ರೆಗಳ ಕುಟುಂಬದ್ದು; ನೆಲಕ್ಕಂಟಿ ಹಬ್ಬುವ, ಘಮಘಮಿಸುವ ಪುಟ್ಟ ಗಿಡ. ಮೊಟ್ಟೆಯೊಡೆದ ಮರಿಹುಳು ಮೊಗ್ಗಿನೊಳಗೇ ಮೂರು ವಾರ ಇದ್ದು ಹೂವು, ಎಳೆಬೀಜ ತಿನ್ನುತ್ತದೆ. ಒಂದೇ ಹೂಗೊಂಚಲಲ್ಲಿ ಎರಡು ಮರಿಗಳಿದ್ದರೆ ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಮೂರು ಸಲ ಪೊರೆ ಕಳಚಿದ ಮೇಲೆ ಗಿಡದ ಊಟ ನಿಲ್ಲಿಸಿಬಿಡುತ್ತದೆ. ಆಗ ಅದರ ಉದ್ದ ಮೂರು ನಾಲ್ಕು ಮಿಲಿಮೀಟರ್. ಸಾಕುವವರ ಗೋಳು ಶುರುವಾಗುತ್ತಿದ್ದುದು ಇಲ್ಲಿಂದ. ಹೊಸ ಮೊಗ್ಗು ಕೊಟ್ಟರೂ ಮುಟ್ಟುವುದಿಲ್ಲ, ಬೇರೆ ಸೊಪ್ಪು ಇಟ್ಟರೂ ಬೇಡ, ಅಲೆದಾಡಿ ಸಾಯುತ್ತದೆ. ಬೆಳೆದ ಚಿಟ್ಟೆಯೂ ಗೊತ್ತು, ಪುಟ್ಟ ಮರಿಯೂ ಗೊತ್ತು. ನಡುವಿನ ಹತ್ತು ತಿಂಗಳು ಅದು ಎಲ್ಲಿರುತ್ತದೆ, ಏನು ತಿನ್ನುತ್ತದೆ ಎಂಬುದು ಮಾತ್ರ ಗೊತ್ತಿಲ್ಲ.

ಇರುವೆಗಳ ಮೇಲೆ ಅನುಮಾನವಂತೂ ಇತ್ತು. 1915ರಲ್ಲಿ ಟಿ. ಎ. ಚಾಪ್‌ಮನ್ ಎಂಬ ವೈದ್ಯ ಥೈಮ್ ಗಿಡವೊಂದನ್ನು ಬುಡಸಮೇತ ಕಿತ್ತಾಗ ಕೆಳಗಿನ ಇರುವೆಗೂಡಿನಲ್ಲಿ ಒಂದು ಮರಿಹುಳು ಸಿಕ್ಕಿತು, ಕೀಳುವ ಭರದಲ್ಲಿ ಜಜ್ಜಿಯೂ ಹೋಯಿತು. ಹೋದದ್ದು ಹೋಯಿತೆಂದು ಅವರು ಅದರ ಹೊಟ್ಟೆಯನ್ನು ಸೂಕ್ಷ್ಮದರ್ಶಕದಡಿ ಇಟ್ಟರು. ಒಳಗಿದ್ದದ್ದು ಇರುವೆಮರಿಗಳ ಚೂರುಗಳು. ಸೊಪ್ಪು ತಿನ್ನಬೇಕಾದ ಚಿಟ್ಟೆಯ ಮರಿ ಮಾಂಸಾಹಾರಿ! ಅದೇ ಕಾಲಕ್ಕೆ ಚಿತ್ರಕಾರ ಎಫ್. ಡಬ್ಲ್ಯು. ಫ್ರೊಹಾಕ್ ಮತ್ತು ಕ್ಯಾಪ್ಟನ್ ಪ್ಯೂರ್‌ಫಾಯ್ ಇಬ್ಬರೂ ಇದರ ಬೆನ್ನು ಹತ್ತಿದ್ದರು. ಪ್ಯೂರ್‌ಫಾಯ್ ಅಕ್ರೋಟಿನ ಅರ್ಧ ಚಿಪ್ಪುಗಳಲ್ಲಿ ಇರುವೆಗಳನ್ನು ಸಾಕಿ, ಒಳಗೆ ಮರಿಹುಳು ಬಿಟ್ಟು, ಕೊನೆಗೆ ಚಿಟ್ಟೆ ಹೊರಬರುವುದನ್ನೂ ಕಂಡರು. ಇಂದು ಪ್ರಯೋಗಾಲಯಗಳಲ್ಲಿ ಲಕ್ಷಗಟ್ಟಲೆ ಸುರಿದು ಮಾಡುವ ಕೆಲಸ ಅಂದು ಒಣಹಣ್ಣಿನ ಚಿಪ್ಪಿನಲ್ಲಿ ಆಯಿತು. ಪ್ರಕೃತಿ ಅಧ್ಯಯನದ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಸಲಕರಣೆ ಅದು.

ಮರಿಹುಳು ಗೂಡು ಸೇರುವ ಬಗೆಯನ್ನು ಹತ್ತಿರದಿಂದ ನೋಡಬೇಕು. ಸಂಜೆಯ ಹೊತ್ತು, ಇರುವೆಗಳು ಮೇವಿಗೆ ಹೊರಡುವ ವೇಳೆ ನೋಡಿಕೊಂಡು, ಹುಳು ಹೂವಿನಿಂದ ನೆಲಕ್ಕೆ ಬೀಳುತ್ತದೆ. ಎಲ್ಲಿಗೂ ಹೋಗುವುದಿಲ್ಲ, ಎಲೆಯ ಮರೆಯಲ್ಲಿ ಕಾದು ಕೂರುತ್ತದೆ. ಮಿರ್ಮಿಕಾ ಜಾತಿಯ ಕೆಂಪಿರುವೆಯೊಂದು ಎದುರಾಗಿ ಮೀಸೆಯಿಂದ ತಡವುತ್ತದೆ. ಹುಳುವಿನ ಹಿಂಬದಿಯಲ್ಲಿ ಒಂದು ಗ್ರಂಥಿ. ಅದರಿಂದ ಸಿಹಿಹನಿ ಒಸರುತ್ತದೆ. ಇರುವೆ ನೆಕ್ಕುತ್ತದೆ, ಮತ್ತೆ ತಡವುತ್ತದೆ, ಮತ್ತೆ ನೆಕ್ಕುತ್ತದೆ. ಈ ಉಪಚಾರ ಅರ್ಧ ಗಂಟೆಯೂ ನಡೆದೀತು, ಮೂರು ನಾಲ್ಕು ಗಂಟೆಯೂ ಆದೀತು. ಆಮೇಲೆ ಹುಳು ಇದ್ದಕ್ಕಿದ್ದಂತೆ ಮೈ ಸೆಟೆಸುತ್ತದೆ. ತಲೆಯ ಹಿಂದಿನ ಭಾಗವನ್ನು ಉಬ್ಬಿಸಿ ಡೊಗ್ಗಾಗಿ ಎದ್ದು ನಿಲ್ಲುತ್ತದೆ. ಮುಟ್ಟಿ ನೋಡಿದ ಇರುವೆಗೆ ಅದು ಗೂಡಿನಿಂದ ತಪ್ಪಿಸಿಕೊಂಡು ಬಂದ ತನ್ನದೇ ಮರಿ. ಚರ್ಮದ ವಾಸನೆಯೂ ಆ ಭ್ರಮೆಗೆ ಒತ್ತಾಸೆ. ದವಡೆಯಲ್ಲಿ ಕಚ್ಚಿಕೊಂಡು ನೇರ ಗೂಡಿಗೆ ಒಯ್ದು ಮರಿಗಳ ನಡುವೆ ಇಡುತ್ತದೆ.

ಒಳಗೆ ಸೇರಿದ ಅತಿಥಿ ಮನೆಯನ್ನೇ ತಿನ್ನತೊಡಗುತ್ತದೆ. ಆದರೆ ಅದಕ್ಕೂ ಒಂದು ಲೆಕ್ಕಾಚಾರವಿದೆ. ಮರಿಗಳ ಕೋಣೆಯಲ್ಲೇ ಠಿಕಾಣಿ ಹೂಡದೆ ಪಕ್ಕದಲ್ಲಿ ರೇಷ್ಮೆಯೆಳೆಯ ಹಾಸು ನೇಯ್ದುಕೊಂಡು ಅಲ್ಲಿ ಒರಗಿರುತ್ತದೆ. ಹಸಿವಾದಾಗ ಬಂದು ತಿಂದು ಹೋಗುತ್ತದೆ. ತಿನ್ನುವಾಗಲೂ ಮೊದಲು ದೊಡ್ಡ ಮರಿಗಳು. ಚಿಕ್ಕವು ಇನ್ನೂ ಬೆಳೆಯಲಿ, ಮುಂದಕ್ಕೆ ಆಗುತ್ತವೆ. ಪ್ರೌಢ ಹುಳುವಿನ ತೂಕದಲ್ಲಿ ಶೇ 98ಕ್ಕೂ ಹೆಚ್ಚು ಪಾಲು ಹೀಗೆ ಇರುವೆಮರಿಗಳಿಂದಲೇ ಬಂದದ್ದು. ಒಂದು ಹುಳು ಚಿಟ್ಟೆಯಾಗಲು ಸುಮಾರು 230 ದೊಡ್ಡ ಇರುವೆಮರಿಗಳು ಬೇಕು, ಅಷ್ಟನ್ನು ಸಾಕಲು ಕನಿಷ್ಠ 354 ಕೆಲಸಗಾರ ಇರುವೆಗಳ ಗೂಡು ಬೇಕು ಎಂದು ಮುಂದೆ ಸಂಶೋಧಕರು ಲೆಕ್ಕ ಹಾಕಿದರು. ಎಷ್ಟೋ ಗೂಡುಗಳು ಇದಕ್ಕಿಂತ ಚಿಕ್ಕವು. ನಾಲ್ಕಾರು ಹುಳುಗಳು ಒಂದೇ ಗೂಡಿಗೆ ಬಂದು ಬಿದ್ದರೆ ಮರಿಗಳೆಲ್ಲ ಖರ್ಚಾಗಿ ಎಲ್ಲವೂ ಉಪವಾಸ ಸಾಯುತ್ತವೆ. ಬದುಕಿದ್ದು ಚಳಿಗಾಲ ಕಳೆದು, ವಸಂತದ ಕೊನೆಗೆ ಗೂಡಿನೊಳಗೇ ಪ್ಯೂಪಾ ಆಗಿ, ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಮುದುಡಿದ ರೆಕ್ಕೆಯೊಂದಿಗೆ ಇರುವೆಯ ಸುರಂಗದಿಂದ ತೆವಳಿ ಹೊರಬರುತ್ತದೆ. ಕೆಲವು ಹುಳುಗಳು ಎರಡು ಚಳಿಗಾಲ ಅಲ್ಲೇ ಕಳೆಯುವುದೂ ಉಂಟು.

ಇಷ್ಟೆಲ್ಲ ತಿಳಿದ ಮೇಲೂ ಚಿಟ್ಟೆ ಕಡಿಮೆಯಾಗುತ್ತಲೇ ಹೋಯಿತು. ‘ಥೈಮ್ ಇರಬೇಕು, ಕೆಂಪಿರುವೆ ಇರಬೇಕು’ ಎಂಬುದು ಆಗಿನ ಸೂತ್ರ. ಖಾಲಿಯಾದ ಗುಡ್ಡಗಳಲ್ಲಿ ಎರಡೂ ಇದ್ದವು! ಹಾಗಾಗಿ ಹವಾಮಾನ, ಒಳಸಂತಾನ, ಸಂಗ್ರಾಹಕ ಎಂದು ಊಹೆಗಳು ಬೆಳೆದವು. ಸಂಗ್ರಾಹಕನನ್ನು ನಾನೂ ಪೂರ್ತಿ ಖುಲಾಸೆ ಮಾಡಲಾರೆ. ಕೊನೆಕೊನೆಗೆ ಬೆರಳೆಣಿಕೆಯ ಚಿಟ್ಟೆಗಳಿದ್ದಾಗ ಒಂದೊಂದು ಬಲೆಯೂ ಪೆಟ್ಟೇ. 2017ರಲ್ಲೂ ಇಂಗ್ಲೆಂಡಿನ ನ್ಯಾಯಾಲಯವೊಂದು ಈ ಚಿಟ್ಟೆಯನ್ನು ಹಿಡಿದು ಕೊಂದವನೊಬ್ಬನಿಗೆ ಶಿಕ್ಷೆ ಕೊಡಬೇಕಾಯಿತು. ಆದರೆ ಇಡೀ ದೇಶದ ಕುಸಿತಕ್ಕೆ ಆ ಉತ್ತರ ಸಾಲದು.

1972ರಲ್ಲಿ ಜೆರೆಮಿ ಥಾಮಸ್ ಎಂಬ ಯುವ ವಿಜ್ಞಾನಿ ಈ ಕೆಲಸಕ್ಕಿಳಿದಾಗ ಉಳಿದದ್ದು ಕೊನೆಯ ತಾಣಗಳಷ್ಟೇ. ಅವರು ಮಾಡಿದ್ದು ಯಾರಾದರೂ ಮಾಡಬಹುದಾಗಿದ್ದ, ಯಾರೂ ಮಾಡದೇ ಬಿಟ್ಟಿದ್ದ ಕೆಲಸ: ಎಣಿಸುವುದು. ವರ್ಷ ವರ್ಷ ಅಲ್ಲೇ ಬಿಡಾರ ಹೂಡಿ ಮೊಟ್ಟೆ ಎಷ್ಟು, ಹೂವಿನಲ್ಲಿ ಉಳಿದ ಮರಿ ಎಷ್ಟು, ಗೂಡು ಸೇರಿದ್ದೆಷ್ಟು, ಹೊರಬಂದದ್ದೆಷ್ಟು ಎಂದು ಹಂತಹಂತಕ್ಕೂ ಲೆಕ್ಕ ಇಟ್ಟರು. ಹೂವಿನ ಹಂತದ ಸಾವುನೋವು ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಕಂಡದ್ದು ಗೂಡಿನೊಳಗೆ. ಎಲ್ಲರೂ ‘ಕೆಂಪಿರುವೆ’ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದುದು ನಿಜಕ್ಕೂ ಹಲವು ಪ್ರಭೇದಗಳು. ಯಾವ ಮಿರ್ಮಿಕಾ ಇರುವೆಯೇ ಆಗಲಿ, ದಾರಿಯಲ್ಲಿ ಸಿಕ್ಕ ಮರಿಹುಳುವನ್ನು ಎತ್ತಿಕೊಂಡು ಹೋಗುತ್ತದೆ. ಆದರೆ ಮಿರ್ಮಿಕಾ ಸಬುಲೆಟಿ ಎಂಬ ಒಂದರ ಗೂಡಿನಲ್ಲಿ ಬದುಕುವ ಸಾಧ್ಯತೆ ಉಳಿದವುಗಳಿಗಿಂತ ಹಲವು ಪಟ್ಟು ಹೆಚ್ಚು. ಬೇರೆಯವರ ಮನೆ ಸೇರಿದ ಹುಳುವಿನ ಗುಟ್ಟು ಬೇಗ ರಟ್ಟಾಗುತ್ತದೆ.

ಈ ಸಬುಲೆಟಿಗೆ ಬಿಸಿಲು ಕಾಯಿಸಿದ ನೆಲ ಬೇಕು. ಇಂಗ್ಲೆಂಡಿನಂಥ ತಣ್ಣನೆ ದೇಶದಲ್ಲಿ ಅಂಥ ನೆಲ ಸಿಗುವುದು ದಕ್ಷಿಣಕ್ಕೆ ಮುಖಮಾಡಿದ ಇಳಿಜಾರಿನಲ್ಲಿ, ಅದೂ ಹುಲ್ಲು ನುಣ್ಣಗೆ ಮೇಯ್ದಿದ್ದರೆ. ಎರಡು-ಮೂರು ಸೆಂಟಿಮೀಟರ್ ದಾಟಿ ಹುಲ್ಲು ಬೆಳೆಯಿತೋ, ನೆಲಕ್ಕೆ ನೆರಳು ಬಿದ್ದು ಮೇಲ್ಮಣ್ಣು ಎರಡು-ಮೂರು ಡಿಗ್ರಿ ತಣ್ಣಗಾಗುತ್ತದೆ. ಸಬುಲೆಟಿ ಜಾಗ ಖಾಲಿ ಮಾಡುತ್ತದೆ. ತಂಪು ತಡೆಯುವ ಮಿರ್ಮಿಕಾ ಸ್ಕ್ಯಾಬ್ರಿನೋಡಿಸ್ ಬಂದು ಕೂರುತ್ತದೆ. ಮೇಲಿಂದ ನೋಡುವವರಿಗೆ ಅದೇ ಗುಡ್ಡ, ಅದೇ ಥೈಮ್, ಅದೇ ಕೆಂಪಿರುವೆ. ಚಿಟ್ಟೆ ಮೊಟ್ಟೆಯಿಡುತ್ತದೆ, ಮರಿ ನೆಲಕ್ಕಿಳಿಯುತ್ತದೆ, ಇರುವೆ ಎತ್ತಿಕೊಂಡೂ ಹೋಗುತ್ತದೆ. ಮರುವರ್ಷ ಚಿಟ್ಟೆ ಇಲ್ಲ.

ಹುಲ್ಲು ಬೆಳೆದದ್ದೇಕೆ? ಒಂದು ಕಾರಣ ಬೇಲಿ. ಕಡಿದಾದ ಗುಡ್ಡದಲ್ಲಿ ದನ ಮೇಯಿಸಿ ಗಿಟ್ಟುವುದಿಲ್ಲವೆಂದು ರೈತರು ಕೈಬಿಟ್ಟದ್ದು ಇನ್ನೊಂದು. ಉತ್ತು ಬಿತ್ತಿದ ಗುಡ್ಡಗಳ ಮಾತು ಬಿಡಿ, ಅಲ್ಲಿ ಥೈಮ್ ಕೂಡ ಉಳಿಯಲಿಲ್ಲ. ಇವೆಲ್ಲದರ ಮೇಲೆ ಬಂದೆರಗಿದ್ದು ಮೊಲದ ರೋಗ. 1952ರಲ್ಲಿ ಫ್ರಾನ್ಸಿನ ಅರ್ಮಾನ್ ದೆಲಿಲ್ ಎಂಬ ನಿವೃತ್ತ ವೈದ್ಯರು, ತಮ್ಮ ಎಸ್ಟೇಟಿನಲ್ಲಿ ಮೊಲಗಳ ಹಾವಳಿ ತಡೆಯಲಾರದೆ, ದಕ್ಷಿಣ ಅಮೆರಿಕ ಮೂಲದ ಮಿಕ್ಸೋಮಟೋಸಿಸ್ ವೈರಸ್ಸನ್ನು ಎರಡು ಮೊಲಗಳಿಗೆ ಚುಚ್ಚಿ ಬಿಟ್ಟರು. ಅದು ಎಸ್ಟೇಟಿನ ಗೋಡೆ ಹಾರಿತು, ದೇಶ ದಾಟಿತು, ಮರುವರ್ಷ ಇಂಗ್ಲೆಂಡಿನ ಕೆಂಟ್ ಮುಟ್ಟಿತು. ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಬಹುಪಾಲು ಮೊಲಗಳು ಸತ್ತವು. ದನಕುರಿ ಹೋದ ಗುಡ್ಡಗಳಲ್ಲಿ ಅಲ್ಲಿಯವರೆಗೆ ಹುಲ್ಲು ತಗ್ಗಿಸುತ್ತಿದ್ದ ಕೊನೆಯ ಬಾಯಿಯೂ ನಿಂತಿತು. ಯಾರದೋ ಎಸ್ಟೇಟಿನ ಮೊಲಕ್ಕೂ ಸಮುದ್ರದಾಚೆಯ ಚಿಟ್ಟೆಗೂ ಇಂಥ ನಂಟಿದೆಯೆಂದು ಆಗ ಯಾರಿಗೆ ಗೊತ್ತಿತ್ತು?

ಥಾಮಸರಿಗೆ ಉತ್ತರ ಸಿಕ್ಕಿತು, ಸಮಯ ಸಿಗಲಿಲ್ಲ. ಡಾರ್ಟ್‌ಮೂರ್ ಅಂಚಿನ ಕೊನೆಯ ತಾಣದಲ್ಲಿ ಮತ್ತೆ ದನ ಬಿಟ್ಟು ಇರುವೆಗಳು ಚೇತರಿಸಿಕೊಳ್ಳುವಷ್ಟರಲ್ಲಿ 1976ರ ಬರ ಬಡಿಯಿತು. 1979ರಲ್ಲಿ ಬ್ರಿಟನ್ನಿನ ದೊಡ್ಡ ನೀಲಿ ನಿರ್ನಾಮವಾಯಿತೆಂದು ಘೋಷಿಸಿದರು. ನೆದರ್‌ಲ್ಯಾಂಡ್ಸ್ ಅದಕ್ಕೂ ಮೊದಲೇ, 1964ರಲ್ಲಿ, ಕಳೆದುಕೊಂಡಿತ್ತು.

ಮುಂದಿನದು ಚಿಟ್ಟೆಯಿಲ್ಲದೆ ಚಿಟ್ಟೆಗಾಗಿ ದುಡಿದ ವರ್ಷಗಳು. ಪೊದೆ ಕಡಿದರು, ದನ ಮೇಯಿಸಿದರು, ಇರುವೆ ಎಣಿಸಿದರು. ಸ್ವೀಡನ್ನಿನ ಊಲಂಡ್ ದ್ವೀಪದ ಚಿಟ್ಟೆಗಳನ್ನು ಆರಿಸಿ 1983ರಲ್ಲಿ ಮೊದಲ ಮರಿಹುಳುಗಳನ್ನು ಡೆವನ್‌ನಲ್ಲಿ ಬಿಟ್ಟರು. ಥಾಮಸರ ಜೊತೆಗಾರ ಡೇವಿಡ್ ಸಿಮ್‌ಕಾಕ್ಸ್ ಮರಿಹುಳು ತಂದು ಬಿಡುವ, ಗುಡ್ಡ ಹದಗೊಳಿಸುವ ಕೆಲಸಕ್ಕೆ ದಶಕಗಳನ್ನೇ ಮೀಸಲಿಟ್ಟರು. ಸಾಮರ್ಸೆಟ್‌ನ ಪೋಲ್ಡನ್ ಗುಡ್ಡಗಳು ಆಮೇಲೆ ಇದರ ತವರಾದವು. ಅಲ್ಲಿನ ಕಾಲರ್ಡ್ ಹಿಲ್‌ಗೆ ಈಗ ಯಾರು ಬೇಕಾದರೂ ಹೋಗಿ ಚಿಟ್ಟೆ ನೋಡಬಹುದು. ಬೇಲಿ ಕಟ್ಟಿ ಗುಟ್ಟು ಕಾಯುವ ಕಾಲ ಹೋಯಿತು. ಗ್ಲಾಸ್ಟರ್‌ಶೈರಿನ ರಾಡ್‌ಬರೋ ಕಾಮನ್ ಎಂಬ ಗೋಮಾಳದಲ್ಲಿ 2019ರಲ್ಲಿ 1,100 ಮರಿಹುಳು ಬಿಟ್ಟರು. ಮರುಬೇಸಿಗೆಗೆ ಸುಮಾರು 750 ಚಿಟ್ಟೆಗಳು ಹಾರಿದವು. 2022ರಲ್ಲಿ ನೈಋತ್ಯ ಇಂಗ್ಲೆಂಡಿನಲ್ಲಿ ಹಾರಿದ ದೊಡ್ಡ ನೀಲಿಗಳ ಅಂದಾಜು ಸಂಖ್ಯೆ 20,000.

ಈ ಗೆಲುವಿನ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ‘ಒಂದು ಚಿಟ್ಟೆ, ಒಂದು ಇರುವೆ’ ಎಂಬ ಸೂತ್ರ ಕೇಳಲು ಚೆಂದ. ಆದರೆ 2008ರಲ್ಲಿ ಪೂರ್ವ ಪೋಲೆಂಡಿನ ಸಂಶೋಧಕರು ತಮ್ಮಲ್ಲಿನ ದೊಡ್ಡ ನೀಲಿಗೆ ಸಬುಲೆಟಿಯೇ ಬೇಕೆಂದಿಲ್ಲ, ಬೇರೆ ಮಿರ್ಮಿಕಾಗಳ ಗೂಡಿನಲ್ಲೂ ಅದು ಚಿಟ್ಟೆಯಾಗುತ್ತದೆ ಎಂದು ತೋರಿಸಿದರು. ಫಿನ್‌ಲ್ಯಾಂಡಿನಲ್ಲಿ ಮಿರ್ಮಿಕಾ ಲೋನೆ ಎಂಬ ಇನ್ನೊಂದರ ಹೆಸರು ಕೇಳಿಬರುತ್ತದೆ. ಒಂದೂರಿನ ಚಿಟ್ಟೆಗೆ ಒಗ್ಗಿದ ಮನೆ ಇನ್ನೊಂದೂರಿನದಕ್ಕೆ ಒಗ್ಗಬೇಕೆಂದಿಲ್ಲ. ಹಾಗಾದರೆ ಇಂಗ್ಲೆಂಡಿನ ಔಷಧವನ್ನು ಹಾಗೇ ಪೋಲೆಂಡಿನ ಗುಡ್ಡಕ್ಕೆ ಸುರಿದರೆ ಏನಾದೀತು ಎಂಬ ಪ್ರಶ್ನೆ ಹಗುರದ್ದಲ್ಲ.

ಇನ್ನೊಂದು ಜಗಳ ಮೊಟ್ಟೆಯಿಡುವುದರ ಬಗ್ಗೆ. ಹೆಣ್ಣಿಗೆ ಕೆಳಗೆ ಇರುವೆಗೂಡಿರುವುದು ಗೊತ್ತಾಗುತ್ತದೆಯೋ, ಇಲ್ಲ ಬರೀ ಮೊಗ್ಗಿನ ಹದ ನೋಡಿ ಇಡುತ್ತದೆಯೋ? ಮೊಗ್ಗಿನ ಹದವೇ ಮುಖ್ಯ, ಇರುವೆಯ ಪಾತ್ರವಿಲ್ಲ ಎಂದು 2001ರಲ್ಲಿ ವಾದಿಸಿದವರು ಥಾಮಸ್ ಮತ್ತು ಅವರ ಸಹಲೇಖಕ ಎಲ್ಮ್ಸ್. 2015ರಲ್ಲಿ ಇಟಲಿಯ ತಂಡವೊಂದು ಬೇರೆಯದೇ ಚಿತ್ರ ಕೊಟ್ಟಿತು. ಅಲ್ಲಿ ಚಿಟ್ಟೆ ಮೊಟ್ಟೆಯಿಡುವುದು ಮಾರ್ಜೋರಂ ಗಿಡದ ಮೇಲೆ. ಬೇರಿನ ಬಳಿ ಮಿರ್ಮಿಕಾ ಗೂಡು ಕಟ್ಟಿದಾಗ ಆ ಗಿಡ ಕಾರ್ವಕ್ರಾಲ್ ಎಂಬ ಘಾಟುದ್ರವ್ಯವನ್ನು ಹೆಚ್ಚಾಗಿ ಸೂಸುತ್ತದೆ. ದೊಡ್ಡಪತ್ರೆ ಎಲೆ ಹಿಸುಕಿದಾಗ ಮೂಗಿಗೆ ಹತ್ತುವ ವಾಸನೆಯಲ್ಲೂ ಇದೇ ಇದೆ. ಬೇರೆ ಇರುವೆಗಳಿಗೆ ಆಗದ ಈ ಘಾಟನ್ನು ಮಿರ್ಮಿಕಾ ಸಹಿಸಿಕೊಳ್ಳುತ್ತದೆ, ಚಿಟ್ಟೆ ಅದನ್ನೇ ಗುರುತಾಗಿ ಹಿಡಿದು ಬರುತ್ತದೆ. ಅಧ್ಯಯನದ ಕರ್ತೃಗಳ ಸಾಲಿನಲ್ಲಿ ಥಾಮಸರ ಹೆಸರೂ ಇದೆ. ತಾನೇ ಬರೆದದ್ದಕ್ಕೆ ಎದುರಾದ ಸಾಕ್ಷ್ಯಕ್ಕೆ ಸಹಿ ಹಾಕುವ ವಿಜ್ಞಾನಿಗಳು ಎಲ್ಲ ದೇಶದಲ್ಲೂ ಕಡಿಮೆಯೇ. ಥೈಮ್‌ನ ಮೇಲೆ ಇಡುವ ಚಿಟ್ಟೆಗಳಿಗೂ ಇದು ಅಷ್ಟೇ ಅನ್ವಯಿಸುತ್ತದೆ ಎಂದು ನಾನು ಈಗಲೇ ಒಪ್ಪುವವನಲ್ಲ.

ದಾಯಾದಿಗಳ ಕಥೆ ಇನ್ನೂ ಸೋಜಿಗ. ಇದೇ ಬಳಗದ ಆಲ್ಕಾನ್ ನೀಲಿ ಇರುವೆಮರಿಗಳನ್ನು ಬೇಟೆಯಾಡುವ ಗೋಜಿಗೇ ಹೋಗುವುದಿಲ್ಲ. ಕಾಗೆಯ ಗೂಡಿನ ಕೋಗಿಲೆ ಮರಿಯ ಹಾಗೆ ಬಾಯಿ ತೆರೆದು ಕೂರುತ್ತದೆ, ಇರುವೆಗಳೇ ಉಣಿಸುತ್ತವೆ. ಇದರ ಒಂದು ರೂಪವಾದ ರೆಬೆಲಿಯ ಹುಳು, ಪ್ಯೂಪಾಗಳು ರಾಣಿ ಇರುವೆಯ ಸದ್ದನ್ನೇ ಅನುಕರಿಸಿ ರಾಜೋಪಚಾರ ಗಿಟ್ಟಿಸುತ್ತವೆ ಎಂದು 2009ರಲ್ಲಿ ಗೊತ್ತಾಯಿತು. ಕಳ್ಳನಿಗೂ ಒಬ್ಬ ಮಳ್ಳನಿದ್ದಾನೆ. ಇಕ್ನ್ಯುಮನ್ ಯೂಮೆರಸ್ ಎಂಬ ಕಣಜ, ಒಳಗೆ ರೆಬೆಲಿ ಹುಳುವಿರುವ ಗೂಡನ್ನೇ ಪತ್ತೆಮಾಡಿ ನುಗ್ಗುತ್ತದೆ. ಅದು ಸೂಸುವ ರಾಸಾಯನಿಕಕ್ಕೆ ಇರುವೆಗಳು ತಮ್ಮತಮ್ಮಲ್ಲೇ ಕಚ್ಚಾಡತೊಡಗುತ್ತವೆ. ಆ ಗಲಾಟೆಯ ನಡುವೆ ಕಣಜ ಹುಳುವಿನ ಮೈಯೊಳಗೆ ಮೊಟ್ಟೆ ಚುಚ್ಚಿ ಹೊರಟುಹೋಗುತ್ತದೆ. ಒಂದು ಚಿಟ್ಟೆ ಅಳಿದಾಗ ಅದನ್ನೇ ನೆಚ್ಚಿದ ಇಂಥ ಕಣಜದ ಗತಿಯೇನು ಎಂದು ಕೇಳುವವರು ವಿರಳ. ಕಣಜಕ್ಕೆ ಅಭಿಮಾನಿ ಸಂಘಗಳಿಲ್ಲವಲ್ಲ!

ಇರುವೆ ತಿನ್ನುವ ಚಿಟ್ಟೆ ನಮ್ಮಲ್ಲೂ ಇದೆ. ಮಲೆನಾಡಿನವರು ಚಟ್ನಿ ಅರೆಯುವ ಚಗಳಿ ಇರುವೆಯ ಎಲೆಗೂಡಿನೊಳಗೆ ‘ಮಾತ್ ಬಟರ್‌ಫ್ಲೈ’, ಅಂದರೆ ಲಿಫೈರಾ ಬ್ರಾಸೊಲಿಸ್‌ನ ಹುಳು ಬೆಳೆಯುತ್ತದೆ. ಪಶ್ಚಿಮ ಘಟ್ಟದಲ್ಲಿ ಕಾಣಸಿಗುವುದು ತೀರ ಅಪರೂಪ. ನಯವಂಚನೆ ಇದರ ದಾರಿಯಲ್ಲ. ಮೈಮೇಲೆ ಗಟ್ಟಿ ಚಪ್ಪಟೆ ಕವಚ ಹೊದ್ದು ಗೂಡಿನ ಎಲೆಗೆ ಒತ್ತಿಕೊಂಡಿರುತ್ತದೆ. ಚಗಳಿ ಎಷ್ಟು ಕಚ್ಚಿದರೂ ಹಲ್ಲು ಊರದು. ಕವಚವನ್ನು ತುಸು ಎತ್ತಿ ಇರುವೆಮರಿಯನ್ನು ಒಳಗೆಳೆದುಕೊಂಡು ತಿನ್ನುತ್ತದೆ. ಚಿಟ್ಟೆಯಾಗಿ ಹೊರಬರುವಾಗ ಮೈತುಂಬ ಸಡಿಲವಾದ ಬಿಳಿ ಹುರುಪೆ; ಕಚ್ಚಲು ಬಂದ ಇರುವೆಗಳ ದವಡೆಗೆ ಅದು ಮೆತ್ತಿಕೊಳ್ಳುತ್ತದೆ, ಅವು ಬಾಯಿ ಒರೆಸಿಕೊಳ್ಳುವಷ್ಟರಲ್ಲಿ ಚಿಟ್ಟೆ ಪಾರು.

ಇಂಗ್ಲೆಂಡಿನ ಪಾಠವನ್ನು ನಮ್ಮ ಹುಲ್ಲುಗಾವಲಿಗೆ ಹಾಗೇ ತಂದು ಹಾಕಬೇಕೆಂದು ನಾನು ಹೇಳುವುದಿಲ್ಲ. ಅಲ್ಲಿನ ಎರಡು ಸೆಂಟಿಮೀಟರ್ ಹುಲ್ಲಿಗೆ ಕುದುರೆಮುಖದ ಬೋಳುಗುಡ್ಡದಲ್ಲಿ ಅರ್ಥವಿಲ್ಲ. ಆದರೆ ಮೇಯುವ ಬಾಯಿ ಇದ್ದಷ್ಟೂ ಹಾಳು, ಮರ ನೆಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲೂ ಬೇರೂರಿದೆ. ಕೃಷ್ಣಮೃಗಗಳ ರಾಣೆಬೆನ್ನೂರಿನಲ್ಲಿ ನೀಲಗಿರಿ ನೆಟ್ಟೆವು. ಶತಮಾನಗಳಿಂದ ದನ ಮೇಯ್ದ ಅಮೃತಮಹಲ್ ಕಾವಲುಗಳಲ್ಲಿ ಕಡೂರು ತಾಲ್ಲೂಕಿನ ಬಾಸೂರಿನಂಥವು ಇನ್ನೂ ಕೃಷ್ಣಮೃಗ ಸಾಕುತ್ತಿವೆ. ಎಷ್ಟೋ ಕಾವಲುಗಳು ಕಡತದಲ್ಲಿ ಖಾಲಿ ಜಾಗವೆನಿಸಿಕೊಂಡು ಬೇರೆ ಉಪಯೋಗಕ್ಕೆ ಹೋದವು. ಅಲ್ಲಿನ ಹುಲ್ಲಿನ ಬುಡದಲ್ಲಿ ಯಾವ ಇರುವೆ, ಯಾವ ಚಿಟ್ಟೆ ಎಂದು ಕುಳಿತು ಎಣಿಸಿದವರು ಎಷ್ಟು ಮಂದಿ?

ದೊಡ್ಡ ನೀಲಿಯ ವಿಷಯಕ್ಕೆ ಬಂದರೆ, ಈಗ ಎದುರಿಗಿರುವುದು ತಾಪಮಾನ. ದಕ್ಷಿಣ ಯುರೋಪಿನ ಬೆಚ್ಚನೆ ಜಾಗಗಳಲ್ಲಿ ಸಬುಲೆಟಿ ಎತ್ತರದ ಹುಲ್ಲಿನಲ್ಲೂ ಇರುತ್ತದೆ. ಅಲ್ಲಿ ನೆರಳಿದ್ದರೂ ನೆಲ ಸಾಕಷ್ಟು ಬೆಚ್ಚಗಿರುತ್ತದೆ. ಇಂಗ್ಲೆಂಡಿನ ಬೇಸಿಗೆಗಳೂ ಬಿಸಿಯಾಗುತ್ತ ಹೋದರೆ ದಕ್ಷಿಣದ ಇಳಿಜಾರಿನಲ್ಲಿ ನುಣ್ಣಗೆ ಮೇಯಿಸಿದ ನೆಲ ಒಣಗಿ, ಚಿಟ್ಟೆ ಬರುವ ಮೊದಲೇ ಥೈಮ್ ಹೂ ಮುಗಿದುಹೋಗಬಹುದು. ತಡವಾಗಿ ಹೂಬಿಡುವ ಮಾರ್ಜೋರಂ ಆಗ ಆಸರೆಯಾದೀತು, ಬೇರೆ ದಿಕ್ಕಿಗೆ ಮುಖಮಾಡಿದ ಇಳಿಜಾರುಗಳೂ ಬೇಕಾದಾವು. ಮೇಯಿಸುವುದನ್ನು ಎಷ್ಟು ಸಡಿಲಿಸಬೇಕು, ಯಾವ ತಿಂಗಳಲ್ಲಿ ಎಂಬುದನ್ನು ಪ್ರತಿ ಗುಡ್ಡಕ್ಕೂ ಬೇರೆಬೇರೆಯಾಗಿ ಲೆಕ್ಕ ಹಾಕಬೇಕು. ಥಾಮಸ್ ಎಪ್ಪತ್ತರ ದಶಕದಲ್ಲಿ ಅಳೆದ ಹುಲ್ಲಿನ ಎತ್ತರ ಎಪ್ಪತ್ತರ ದಶಕದ ಹವೆಗೆ ಸರಿಯಾದದ್ದು.